ಮುಖ್ಯ ಸರ್ವರ್ ಬಿದ್ದರೂ ಫೇಲ್‌ಓವರ್ ಆಗಲಿಲ್ಲವೇ? ಕೀಪ್‌ಅಲೈವ್ಡ್–ಎಚ್‌ಎಪ್ರಾಕ್ಸಿ ಜೋಡಿಯ ದೋಷ ಹುಡುಕುವ ಬಗೆ

ಎರಡು ಲಿನಕ್ಸ್ ಮಷೀನು, ಎರಡರಲ್ಲೂ ಎಚ್‌ಎಪ್ರಾಕ್ಸಿ, ಅಂದರೆ ಬಂದ ರಿಕ್ವೆಸ್ಟುಗಳನ್ನು ಹಿಂದಿನ ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಸಾಫ್ಟ್‌ವೇರ್. ಬಳಕೆದಾರರಿಗೆ ಕಾಣುವುದು ಒಂದೇ ವರ್ಚುವಲ್ ಐಪಿ, ಅಂದರೆ ವಿಐಪಿ. ಅದನ್ನು ಯಾವ ಮಷೀನು ಹಿಡಿದಿರಬೇಕು ಎಂದು ತೀರ್ಮಾನಿಸುವುದು ಕೀಪ್‌ಅಲೈವ್ಡ್. ಮುಖ್ಯ ಮಷೀನು ಕೆಟ್ಟಾಗ ವಿಐಪಿ ಇನ್ನೊಂದಕ್ಕೆ ಸರಿಯುವುದೇ ಫೇಲ್‌ಓವರ್. ಹಿಂದುಗಡೆ ನಾಲ್ಕಾರು ಆ್ಯಪ್ ಸರ್ವರ್. ರೆಡಿಮೇಡ್ ಲೋಡ್ ಬ್ಯಾಲೆನ್ಸರ್‌ಗೆ ದುಡ್ಡು ಸುರಿಯಲು ಮನಸ್ಸಿಲ್ಲದ ಕಡೆಯೆಲ್ಲ ಕಾಣುವ ಜೋಡಣೆ ಇದು. ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಏನೆಂದರೆ, ಇದರ ಹೆಲ್ತ್ ಮಾನಿಟರ್ ತಪ್ಪಾಗಿದ್ದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಮುಖ್ಯ ಮಷೀನು ನಿಜವಾಗಿ ಕೈಕೊಟ್ಟ ದಿನವೇ ಗೊತ್ತಾಗುವುದು.

ಈ ಕೈಪಿಡಿ ಆ ದಿನಕ್ಕೆ. ಕೀಪ್‌ಅಲೈವ್ಡ್ ಸರಿ ಇಲ್ಲ ಎಂದು ವರ್ಶನ್ ಬದಲಾಯಿಸುವವರನ್ನು ನೋಡಿದ್ದೇನೆ. ನನ್ನ ಅಂದಾಜಿನಲ್ಲಿ ಹತ್ತಕ್ಕೆ ಎಂಟು ಸಲ ಅದರ ತಪ್ಪಲ್ಲ. ನಾವು ಬರೆದ ಚೆಕ್ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿರುವುದಿಲ್ಲ.

ಮೊದಲು ನೋಡಬೇಕಾದ್ದು: ವಿಐಪಿ ಈಗ ಯಾರ ಹತ್ತಿರ ಇದೆ?

ಲಾಗ್ ತೆರೆಯುವ ಮೊದಲು ಎರಡೂ ಮಷೀನಿಗೆ ಲಾಗಿನ್ ಆಗಿ ‘ಐಪಿ ಅಡ್ರ್’ ಕಮಾಂಡ್ ಕೊಡಿ. ‘ಐಎಫ್‌ಕಾನ್ಫಿಗ್’ ಬೇಡ. ಕೀಪ್‌ಅಲೈವ್ಡ್ ಸೇರಿಸಿದ ಎರಡನೇ ವಿಳಾಸವನ್ನು ಅದು ಎಷ್ಟೋ ಸಲ ತೋರಿಸುವುದೇ ಇಲ್ಲ. ಆಮೇಲೆ ‘ಏನೂ ಇಲ್ವಲ್ಲಾ’ ಎಂದು ತಪ್ಪು ದಾರಿ ಹಿಡಿಯುತ್ತೀರಿ.

ಉತ್ತರ ನಾಲ್ಕರಲ್ಲಿ ಒಂದಾಗಿರುತ್ತದೆ. ಕೆಟ್ಟ ಮಷೀನೇ ಇನ್ನೂ ಹಿಡಿದುಕೊಂಡಿದೆ. ಯಾರ ಹತ್ತಿರವೂ ಇಲ್ಲ. ಇಬ್ಬರ ಹತ್ತಿರವೂ ಇದೆ. ಅಥವಾ ಸರಿಯಾದ ಕಡೆಯೇ ಇದೆ, ಆದರೂ ಸೈಟ್ ತೆರೆಯುತ್ತಿಲ್ಲ. ಒಂದೊಂದಕ್ಕೂ ಹುಡುಕುವ ಜಾಗ ಬೇರೆ. ಇದನ್ನು ನೋಡದೆ ಸರ್ವಿಸ್ ರೀಸ್ಟಾರ್ಟ್ ಮಾಡಿಬಿಟ್ಟರೆ ಸಾಕ್ಷಿಯೇ ಅಳಿಸಿಹೋಗುತ್ತದೆ. ಅರ್ಧ ನಿಮಿಷದ ಕೆಲಸ, ಅದರ ಔಟ್‌ಪುಟ್ ಉಳಿಸಿಟ್ಟುಕೊಂಡೇ ಮುಂದೆ ಹೋಗಿ.

ಕೆಟ್ಟ ಮಷೀನು ವಿಐಪಿ ಬಿಟ್ಟುಕೊಡುತ್ತಿಲ್ಲ

ತುಂಬಾ ಜಾಸ್ತಿ ಕಾಣುವುದು ಇದೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಕೀಪ್‌ಅಲೈವ್ಡ್ ತಾನಾಗಿ ಎಚ್‌ಎಪ್ರಾಕ್ಸಿಯನ್ನು ನೋಡುವುದಿಲ್ಲ. ವಿಆರ್‌ಆರ್‌ಪಿ ಎಂಬ ಪ್ರೋಟೋಕಾಲ್‌ನಲ್ಲಿ ಮಾಸ್ಟರ್ ಮಷೀನು ‘ನಾನಿದ್ದೇನೆ’ ಎಂದು ಸೆಕೆಂಡಿಗೊಮ್ಮೆ ಸಾರುತ್ತಿರುತ್ತದೆ. ಅದು ನಿಂತರೆ ಬ್ಯಾಕಪ್ ಎದ್ದು ನಿಲ್ಲುತ್ತದೆ. ಮಷೀನು ಪೂರ್ತಿ ಸತ್ತರೆ ಇಷ್ಟು ಸಾಕು. ಆದರೆ ಮಷೀನು ಚೆನ್ನಾಗಿದ್ದು ಎಚ್‌ಎಪ್ರಾಕ್ಸಿ ಮಾತ್ರ ಸತ್ತರೆ? ಸಾರುವುದು ನಡೆದೇ ಇರುತ್ತದೆ, ವಿಐಪಿ ಅಲ್ಲೇ ಕೂತಿರುತ್ತದೆ. ಅದಕ್ಕೇ ವಿಆರ್‌ಆರ್‌ಪಿ ಸ್ಕ್ರಿಪ್ಟ್ ಎಂಬ ಚೆಕ್ ಬೇಕು.

ಹಳೆಯ ಟ್ಯುಟೋರಿಯಲ್‌ಗಳಲ್ಲೆಲ್ಲ ಈ ಚೆಕ್ ‘ಕಿಲ್‌ಆಲ್ -0 ಎಚ್‌ಎಪ್ರಾಕ್ಸಿ’ ಎಂದೇ ಇರುತ್ತದೆ. ಸಿಗ್ನಲ್ ಸೊನ್ನೆ ಅಂದರೆ ಏನನ್ನೂ ಕಳಿಸುವುದಿಲ್ಲ, ಆ ಹೆಸರಿನ ಪ್ರಾಸೆಸ್ ಇದೆಯಾ ಎಂದು ಮಾತ್ರ ನೋಡುತ್ತದೆ. ಅಂಗಡಿಯ ಶಟರ್ ಮೇಲೆತ್ತಿದೆ ಅಂದ ಮಾತ್ರಕ್ಕೆ ಗಲ್ಲಾದಲ್ಲಿ ಯಾರೋ ಕೂತಿದ್ದಾರೆ ಅಂತಲ್ಲ, ಅಲ್ವಾ? ಪ್ರಾಸೆಸ್ ಹೆಪ್ಪುಗಟ್ಟಿದ್ದರೂ, ಕನೆಕ್ಷನ್ ಮಿತಿ ತುಂಬಿ ಹೊಸಬರಿಗೆ ಜಾಗ ಇಲ್ಲದಿದ್ದರೂ ಈ ಚೆಕ್ ಪಾಸಾಗುತ್ತದೆ.

‘ಹಾಗಾದರೆ ಪೋರ್ಟಿಗೆ ಟಿಸಿಪಿ ಕನೆಕ್ಟ್ ಮಾಡಿ ನೋಡೋಣ’ ಎನ್ನುವುದು ಮುಂದಿನ ಹೆಜ್ಜೆ. ಅದೂ ಸಾಲದು, ಕಾರಣ ಹಲವರಿಗೆ ಗೊತ್ತಿಲ್ಲ. ಟಿಸಿಪಿಯ ಮೊದಲ ಕೈಕುಲುಕು ಮುಗಿಸುವುದು ಕರ್ನಲ್, ಎಚ್‌ಎಪ್ರಾಕ್ಸಿ ಅಲ್ಲ. ಪ್ರಾಸೆಸ್ ಪೂರ್ತಿ ನಿಂತಿದ್ದರೂ ಅದರ ಕ್ಯೂ ತುಂಬುವ ತನಕ ಕರ್ನಲ್ ಬಂದವರನ್ನೆಲ್ಲ ‘ಬನ್ನಿ’ ಎಂದು ಒಳಗೆ ಬಿಟ್ಟುಕೊಳ್ಳುತ್ತದೆ. ನಿಜವಾದ ಎಚ್‌ಟಿಟಿಪಿ ರಿಕ್ವೆಸ್ಟ್ ಕಳಿಸಿ ಉತ್ತರ ಬಂತಾ ಎಂದು ನೋಡಿದರೆ ಮಾತ್ರ ಗುಟ್ಟು ಹೊರಬೀಳುತ್ತದೆ.

ಹಾಗಾಗಿ ಅಂಥ ರಿಕ್ವೆಸ್ಟ್ ಕಳಿಸುವ ‘ಕರ್ಲ್’ ಕಮಾಂಡ್ ಬಳಸಿ. ಆದರೆ ಅದರಲ್ಲೂ ಎರಡು ಗುಂಡಿಗಳಿವೆ. ಒಂದು, ‘-ಎಫ್’ ಆಪ್ಷನ್ ಇಲ್ಲದಿದ್ದರೆ ಸರ್ವರ್ 500 ಅಥವಾ 503 ಎಂಬ ಎರರ್ ಕೋಡ್ ಕೊಟ್ಟರೂ ಕರ್ಲ್ ಸೊನ್ನೆಯನ್ನೇ, ಅಂದರೆ ‘ಗೆದ್ದೆ’ ಎಂದೇ, ಹಿಂತಿರುಗಿಸುತ್ತದೆ. ಅದರ ಪ್ರಕಾರ ಉತ್ತರ ಬಂತಲ್ಲ, ಸಾಕು. ಎರಡು, ‘ಮ್ಯಾಕ್ಸ್-ಟೈಮ್’ ಹಾಕದಿದ್ದರೆ ಉತ್ತರ ಬರದ ಸರ್ವರ್ ಮುಂದೆ ಅದು ಸುಮ್ನೆ ಕಾಯುತ್ತಾ ನಿಲ್ಲುತ್ತದೆ. ಎರಡು ಸೆಕೆಂಡ್ ಮಿತಿ ಹಾಕಿ. ಸ್ಕ್ರಿಪ್ಟ್ ಬ್ಲಾಕ್‌ನಲ್ಲೂ ಬೇರೆಯಾಗಿ ‘ಟೈಮ್‌ಔಟ್’ ಬರೆಯಿರಿ.

ರಿಕ್ವೆಸ್ಟ್ ಎಲ್ಲಿಗೆ ಕಳಿಸಬೇಕು? ಎಚ್‌ಎಪ್ರಾಕ್ಸಿಯಲ್ಲಿ ‘ಮಾನಿಟರ್-ಯುಆರ್‌ಐ’ ಎಂಬ ಸೌಕರ್ಯ ಇದೆ. ಆ ದಾರಿಗೆ ಬಂದ ರಿಕ್ವೆಸ್ಟಿಗೆ ಎಚ್‌ಎಪ್ರಾಕ್ಸಿಯೇ 200, ಅಂದರೆ ‘ಸರಿಯಿದೆ’ ಎಂಬ ಕೋಡ್, ಕೊಡುತ್ತದೆ, ಹಿಂದಿನ ಆ್ಯಪ್ ಸರ್ವರ್‌ಗಳನ್ನು ಮುಟ್ಟುವುದಿಲ್ಲ. ಲೋಡ್ ಬ್ಯಾಲೆನ್ಸರಿನ ಆರೋಗ್ಯ ಕೇಳಲು ಇದೇ ಸರಿಯಾದ ಜಾಗ. ಯಾಕೆಂದು ಮುಂದಿನ ಭಾಗದಲ್ಲಿ ಗೊತ್ತಾಗುತ್ತದೆ.

ಚೆಕ್ ಸರಿಯಾಗಿದ್ದರೂ ಫೇಲ್‌ಓವರ್ ಆಗದಿದ್ದರೆ, ಸ್ಕ್ರಿಪ್ಟ್ ನಿಜಕ್ಕೂ ಓಡುತ್ತಿದೆಯಾ ನೋಡಿ. ಸ್ಕ್ರಿಪ್ಟ್ ಬ್ಲಾಕ್ ಬರೆದು, ವಿಐಪಿಯನ್ನು ಹೆಸರಿಸುವ ಇನ್‌ಸ್ಟೆನ್ಸ್ ಬ್ಲಾಕ್ ಒಳಗೆ ‘ಟ್ರ್ಯಾಕ್_ಸ್ಕ್ರಿಪ್ಟ್’ ಹಾಕಲು ಮರೆತಿರುವ ಕಾನ್ಫಿಗ್‌ಗಳು ಬೇಕಾದಷ್ಟಿವೆ. ಆಮೇಲೆ ಕೀಪ್‌ಅಲೈವ್ಡ್‌ನ ಜರ್ನಲ್ ಓದಿ. ಸ್ಕ್ರಿಪ್ಟ್ ಓಡಿಸುವ ‘ಕೀಪ್‌ಅಲೈವ್ಡ್_ಸ್ಕ್ರಿಪ್ಟ್’ ಎಂಬ ಯೂಸರ್ ಇಲ್ಲ ಎಂಬ ಎಚ್ಚರಿಕೆ ಇದ್ದರೆ ಆ ಯೂಸರನ್ನು ಸೃಷ್ಟಿಸಿ, ಅಥವಾ ‘ಸ್ಕ್ರಿಪ್ಟ್_ಯೂಸರ್’ ಸಾಲಿನಲ್ಲಿ ಬೇರೆಯವರನ್ನು ಹೆಸರಿಸಿ. ‘ಎನೇಬಲ್_ಸ್ಕ್ರಿಪ್ಟ್_ಸೆಕ್ಯುರಿಟಿ’ ಆನ್ ಇದ್ದು, ರೂಟ್ ಆಗಿ ಓಡಬೇಕಾದ ಸ್ಕ್ರಿಪ್ಟಿನ ಫೋಲ್ಡರಿಗೆ ರೂಟ್ ಅಲ್ಲದವರೂ ಬರೆಯಬಹುದಾಗಿದ್ದರೆ, ಕೀಪ್‌ಅಲೈವ್ಡ್ ಆ ಸ್ಕ್ರಿಪ್ಟನ್ನೇ ಕೈಬಿಡುತ್ತದೆ. ರೆಡ್ ಹ್ಯಾಟ್ ಬಳಗದ ಮಷೀನಾಗಿದ್ದರೆ ಅದರ ಭದ್ರತಾ ಕಾವಲು ಎಸ್‌ಇಲಿನಕ್ಸ್ ಅಡ್ಡಬಂದಿರಬಹುದು, ಆಡಿಟ್ ಲಾಗ್‌ನಲ್ಲಿ ‘ಡಿನೈಡ್’ ಹುಡುಕಿ. ‘ನಾನು ಟರ್ಮಿನಲ್‌ನಲ್ಲಿ ಓಡಿಸಿದರೆ ಸರಿಯಾಗಿದೆ’ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ನೀವು ರೂಟ್, ಅದು ಬೇರೆ ಯೂಸರ್. ಆ ಯೂಸರ್ ಆಗಿಯೇ ಓಡಿಸಿ, ಎಕ್ಸಿಟ್ ಕೋಡ್ ನೋಡಿ.

ಇನ್ನು ಲೆಕ್ಕ. ಪ್ರಯಾರಿಟಿ ಜಾಸ್ತಿ ಇರುವ ಮಷೀನಿಗೆ ವಿಐಪಿ. ಚೆಕ್ ಫೇಲಾದರೆ ಅದರಿಂದ ‘ವೇಟ್’ನಷ್ಟು ಕಳೆಯುತ್ತದೆ. ಮಾಸ್ಟರ್ ಪ್ರಯಾರಿಟಿ 150, ಬ್ಯಾಕಪ್‌ದು 100, ಸ್ಕ್ರಿಪ್ಟಿನ ‘ವೇಟ್’ ಮೈನಸ್ 20 ಎಂದುಕೊಳ್ಳಿ. ಚೆಕ್ ಫೇಲಾದರೆ ಮಾಸ್ಟರ್ 130ಕ್ಕೆ ಇಳಿಯುತ್ತದೆ. 130 ಇನ್ನೂ 100ಕ್ಕಿಂತ ದೊಡ್ಡದೇ ತಾನೆ? ವಿಐಪಿ ಅಲುಗುವುದಿಲ್ಲ. ಲಾಗ್‌ನಲ್ಲಿ ಮಾತ್ರ ಪ್ರಯಾರಿಟಿ ಬದಲಾಯಿತು ಎಂದು ಅಚ್ಚುಕಟ್ಟಾಗಿ ಬರೆದಿರುತ್ತದೆ. ಇಳಿಕೆ ಯಾವಾಗಲೂ ಎರಡರ ನಡುವಿನ ಅಂತರಕ್ಕಿಂತ ಜಾಸ್ತಿ ಇರಬೇಕು. 101 ಮತ್ತು 100 ಇಟ್ಟು ಮೈನಸ್ 20 ಕೊಟ್ಟರೆ ತಲೆನೋವಿಲ್ಲ.

ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಹಳೆಯ ಮಾಸ್ಟರ್ ಎದ್ದ ತಕ್ಷಣ ವಿಐಪಿ ಕಿತ್ತುಕೊಳ್ಳಬಾರದು ಎಂದು ‘ನೋಪ್ರೀಎಂಪ್ಟ್’ ಹಾಕಿರುತ್ತಾರೆ. ಒಳ್ಳೆಯ ಯೋಚನೆಯೇ. ಆದರೆ ಅದರ ಅರ್ಥ ‘ಮಾಸ್ಟರ್ ಸಾರುತ್ತಿರುವ ತನಕ, ಅದರ ಪ್ರಯಾರಿಟಿ ಕಡಿಮೆಯಾದರೂ, ನಾನು ಏಳುವುದಿಲ್ಲ’ ಎಂದು. ವೇಟ್ ಬಳಸಿ ಇಳಿಸಿದ ಮಾಸ್ಟರ್ ಸಾರುವುದನ್ನು ನಿಲ್ಲಿಸಿರುವುದಿಲ್ಲ. ಎರಡೂ ಸೇರಿದರೆ ಫೇಲ್‌ಓವರ್ ಆಗುವುದೇ ಇಲ್ಲ. ನೋಪ್ರೀಎಂಪ್ಟ್ ಬೇಕಾದರೆ ವೇಟ್ ಸಾಲನ್ನು ತೆಗೆದುಹಾಕಿ. ವೇಟ್ ಸೊನ್ನೆಯಾಗಿದ್ದರೆ ಚೆಕ್ ಫೇಲಾದ ನೋಡ್, ಅಂದರೆ ಜೋಡಿಯ ಆ ಮಷೀನು, ನೇರವಾಗಿ ‘ಫಾಲ್ಟ್’ ಸ್ಥಿತಿಗೆ ಹೋಗಿ ವಿಐಪಿ ಬಿಡುತ್ತದೆ. ಹಾಗೆಯೇ ನೋಪ್ರೀಎಂಪ್ಟ್ ಇರುವ ಕಡೆ ಎರಡೂ ನೋಡ್‌ಗಳ ಆರಂಭದ ಸ್ಥಿತಿ ‘ಬ್ಯಾಕಪ್’ ಎಂದೇ ಇರಬೇಕು.

ಯಾರ ಹತ್ತಿರವೂ ಇಲ್ಲ

ಎರಡೂ ನೋಡ್ ಫಾಲ್ಟ್‌ನಲ್ಲಿವೆ. ಮೊದಲು ಅತಿ ಸಣ್ಣ ಕಾರಣ ನೋಡಿ: ಕಿಲ್‌ಆಲ್ ಕಮಾಂಡ್ ಮಷೀನಿನಲ್ಲಿ ಇದೆಯೇ? ಮಿನಿಮಲ್ ಇನ್‌ಸ್ಟಾಲ್‌ಗಳಲ್ಲಿ ಅದು ಇರುವುದಿಲ್ಲ, ‘ಪಿಎಸ್‌ಮಿಸ್ಕ್’ ಪ್ಯಾಕೇಜ್ ಹಾಕಬೇಕು. ಇಲ್ಲದ ಕಮಾಂಡ್ ಓಡಿಸಿದರೆ ಚೆಕ್ ಯಾವಾಗಲೂ ಫೇಲ್.

ಎರಡನೆಯದು, ಬ್ಯಾಕಪ್‌ನಲ್ಲಿ ಎಚ್‌ಎಪ್ರಾಕ್ಸಿ ಓಡುತ್ತಲೇ ಇರಲಿಲ್ಲ. ಅದರ ಕಾನ್ಫಿಗ್ ವಿಐಪಿಗೇ ಬೈಂಡ್ ಆಗಲು, ಅಂದರೆ ಆ ವಿಳಾಸದಲ್ಲೇ ಕಿವಿಗೊಟ್ಟು ಕೂರಲು, ಹೇಳಿದ್ದರೆ, ವಿಐಪಿ ತನ್ನಲ್ಲಿ ಇಲ್ಲದಿರುವಾಗ ಬ್ಯಾಕಪ್‌ನಲ್ಲಿ ಅದು ಸ್ಟಾರ್ಟ್ ಆಗುವುದೇ ಇಲ್ಲ. ‘ನೆಟ್.ಐಪಿವಿ4.ಐಪಿ_ನಾನ್‌ಲೋಕಲ್_ಬೈಂಡ್’ ಎಂಬ ಕರ್ನಲ್ ಸೆಟ್ಟಿಂಗನ್ನು 1 ಮಾಡಿ, ರೀಬೂಟ್ ಆದ ಮೇಲೂ ಉಳಿಯುವಂತೆ ಫೈಲಿನಲ್ಲಿ ಬರೆದಿಡಿ. ಬ್ಯಾಕಪ್‌ನಲ್ಲಿ ಎಚ್‌ಎಪ್ರಾಕ್ಸಿ ಎಷ್ಟು ದಿನದಿಂದ ಸತ್ತು ಬಿದ್ದಿದೆ ಎಂದು ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಹೇಳುತ್ತದೆ. ಕೆಲವೊಮ್ಮೆ ಆ ತಾರೀಖು ನೋಡಿ ಗಾಬರಿಯಾಗುತ್ತದೆ.

ಮೂರನೆಯದು ಯೋಚನೆಯ ತಪ್ಪು. ಲೋಡ್ ಬ್ಯಾಲೆನ್ಸರಿನ ಚೆಕ್‌ನಲ್ಲೇ ಆ್ಯಪ್ ಪೇಜನ್ನೂ ಡೇಟಾಬೇಸನ್ನೂ ಕೇಳುವಂತೆ ಬರೆದಿರುತ್ತಾರೆ. ಡೇಟಾಬೇಸ್ ನಿಧಾನವಾದರೆ ಎರಡೂ ನೋಡ್‌ಗಳಲ್ಲಿ ಚೆಕ್ ಒಟ್ಟಿಗೇ ಫೇಲಾಗುತ್ತದೆ. ಇಬ್ಬರೂ ವಿಐಪಿ ಕೈಬಿಡುತ್ತಾರೆ. ನಿಧಾನವಾಗಿದ್ದ ಸೈಟ್ ಈಗ ಪೂರ್ತಿ ಮಾಯ. ವಿಐಪಿ ಈ ನೋಡ್‌ನಿಂದ ಆ ನೋಡ್‌ಗೆ ಹೋದರೆ ಸರಿಹೋಗುವಂಥ ತೊಂದರೆಯನ್ನು ಮಾತ್ರ ಇಲ್ಲಿ ಚೆಕ್ ಮಾಡಿ. ಇಬ್ಬರೂ ಹಂಚಿಕೊಂಡ ವಸ್ತು ಕೆಟ್ಟರೆ ವಿಐಪಿ ಎಲ್ಲಿ ಕೂತರೂ ಅಷ್ಟೇ.

ಇದೇ ಮಾತು ಆ್ಯಪ್ ಸರ್ವರಿನ ಹೆಲ್ತ್ ಪೇಜಿಗೂ ಅನ್ವಯ. ಪ್ರತಿ ಆ್ಯಪ್ ಸರ್ವರೂ ತನ್ನ ಹೆಲ್ತ್ ಪೇಜಿನಲ್ಲಿ ಡೇಟಾಬೇಸ್, ಕ್ಯಾಶ್, ಹೊರಗಿನ ಪೇಮೆಂಟ್ ಸೇವೆ ಎಲ್ಲವನ್ನೂ ಕೇಳುತ್ತಿದ್ದರೆ, ಪೇಮೆಂಟ್ ಸೇವೆ ಎರಡು ನಿಮಿಷ ಸುಸ್ತಾದಾಗ ಎಚ್‌ಎಪ್ರಾಕ್ಸಿ ಎಲ್ಲಾ ಸರ್ವರ್‌ಗಳನ್ನೂ ಒಟ್ಟಿಗೆ ‘ಡೌನ್’ ಎಂದು ಗುರುತು ಹಾಕಿ ಎಲ್ಲರಿಗೂ 503 ಕೊಡುತ್ತದೆ. ಬರೀ ಪುಟ ನೋಡಲು ಬಂದವರಿಗೂ.

ಇಬ್ಬರ ಹತ್ತಿರವೂ ಇದೆ

ಇದಕ್ಕೆ ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿಲ್ಲ, ಹಾಗಾಗಿ ಇಬ್ಬರೂ ‘ನಾನೇ ಮಾಸ್ಟರ್’. ಸೈಟ್ ಒಮ್ಮೆ ತೆರೆಯುತ್ತದೆ, ಒಮ್ಮೆ ಇಲ್ಲ. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಸರಿ, ಪಕ್ಕದವರದ್ದರಲ್ಲಿ ಇಲ್ಲ.

ವಿಆರ್‌ಆರ್‌ಪಿ ಎನ್ನುವುದು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ಅದಕ್ಕೆ ಪೋರ್ಟ್ ನಂಬರ್ ಇಲ್ಲ. ಅದು ಐಪಿ ಪ್ರೋಟೋಕಾಲ್ 112. ಐಪಿವಿ4ರಲ್ಲಿ 224.0.0.18 ಎಂಬ ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ತಲುಪುವ) ವಿಳಾಸಕ್ಕೆ ಹೋಗುತ್ತದೆ. ಫೈರ್‌ವಾಲ್‌ನಲ್ಲಿ ‘ಪೋರ್ಟ್ 112’ ತೆರೆದು ಕೆಲಸ ಆಗಿಲ್ಲ ಎನ್ನುವವರು ಇದನ್ನು ಗಮನಿಸಬೇಕು, ತೆರೆಯಬೇಕಾದ್ದು ಪ್ರೋಟೋಕಾಲನ್ನು.

ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್‌ಗೆ ‘ಪ್ರೋಟೋ 112’ ಫಿಲ್ಟರ್ ಕೊಟ್ಟು ಎರಡೂ ಕಡೆ ಹಿಡಿಯಿರಿ. ಪ್ರತಿ ನೋಡ್‌ಗೂ ತನ್ನ ಪ್ಯಾಕೆಟ್ ಮಾತ್ರ ಕಂಡರೆ ನಡುವಿನ ಸ್ವಿಚ್ ಅಥವಾ ನೆಟ್‌ವರ್ಕ್ ತಡೆಯುತ್ತಿದೆ. ಎದುರಿನವರ ಪ್ಯಾಕೆಟ್ ಕಾಣುತ್ತಿದ್ದರೂ ಇಬ್ಬರೂ ಮಾಸ್ಟರ್ ಆಗಿದ್ದರೆ ‘ನೆಟ್‌ವರ್ಕ್ ಸರಿ, ಫೈರ್‌ವಾಲೂ ಸರಿ’ ಎಂದು ಮುಗಿಸಬೇಡಿ. ಒಳಬರುವ ಪ್ಯಾಕೆಟನ್ನು ಟಿಸಿಪಿಡಂಪ್ ನೋಡುವುದು ಐಪಿಟೇಬಲ್ಸ್ ಫೈರ್‌ವಾಲ್‌ಗಿಂತ ಮೊದಲು. ಅದಕ್ಕೆ ಕಂಡ ಪ್ಯಾಕೆಟನ್ನು ಆಮೇಲೆ ಫೈರ್‌ವಾಲ್ ಎಸೆದಿರಬಹುದು. ಫೈರ್‌ವಾಲೂ ಸರಿಯಿದ್ದರೆ ಎರಡು ಕಾನ್ಫಿಗ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ವರ್ಚುವಲ್ ರೂಟರ್ ಐಡಿ (ಈ ಜೋಡಿಯ ಗುರುತಿನ ಸಂಖ್ಯೆ), ಸಾರುವ ಅಂತರ, ಪಾಸ್‌ವರ್ಡ್. ಪಾಸ್‌ವರ್ಡಿನ ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇದೇ ನೆಟ್‌ವರ್ಕಿನಲ್ಲಿ ಬೇರೆ ತಂಡದವರೂ ಕೀಪ್‌ಅಲೈವ್ಡ್ ಹಾಕಿದ್ದು, ಅವರೂ ಉದಾಹರಣೆಯಿಂದ ರೂಟರ್ ಐಡಿ 51 ಎಂದೇ ನಕಲು ಮಾಡಿರುವುದು ಉಂಟು. ಆಗ ಅವರ ಪ್ಯಾಕೆಟ್ ನಿಮ್ಮ ಲಾಗ್‌ನಲ್ಲಿ ದೂರುಗಳಾಗಿ ಬರುತ್ತದೆ. ಐಡಿ 1ರಿಂದ 255ರವರೆಗೆ ಯಾವುದಾದರೂ ಇರಬಹುದು, 51ರ ಮೇಲೆ ಯಾಕಷ್ಟು ಪ್ರೀತಿಯೋ.

ವಿಐಪಿ ಸರಿಯಾದ ಕಡೆ ಇದೆ, ಆದರೂ ಸೈಟ್ ಇಲ್ಲ

ವಿಐಪಿ ಸರಿದಾಗ ಹೊಸ ಮಾಸ್ಟರ್ ‘ಈ ಐಪಿ ಈಗ ನನ್ನ ಮ್ಯಾಕ್ ವಿಳಾಸದಲ್ಲಿದೆ’ ಎಂದು ಗ್ರಾಚ್ಯುಟಸ್ ಎಆರ್‌ಪಿ ಪ್ಯಾಕೆಟ್ ಎಸೆಯುತ್ತದೆ. ರೂಟರ್ ಅದನ್ನು ಒಪ್ಪದಿದ್ದರೆ ಟ್ರಾಫಿಕ್ ಹಳೆಯ ಮಷೀನಿಗೇ ಹೋಗುತ್ತಿರುತ್ತದೆ. ಅದೇ ನೆಟ್‌ವರ್ಕಿನ ಮೂರನೇ ಮಷೀನಿನಿಂದ ‘ಐಪಿ ನೇಬರ್’ ಕೊಟ್ಟು ವಿಐಪಿಗೆ ಯಾವ ಮ್ಯಾಕ್ ಇದೆ ನೋಡಿ. ಕೆಲವು ನಿಮಿಷ ಕಾದರೆ ತಾನಾಗಿ ಸರಿಹೋಗುತ್ತದೆ ಎಂದಾದರೆ ಸಂಶಯವೇ ಇಲ್ಲ, ಇದೇ ಕಾರಣ. ಎಆರ್‌ಪಿಯನ್ನು ಆಗಾಗ ಮತ್ತೆ ಕಳಿಸಲು ‘ಜಿಎಆರ್‌ಪಿ_ಮಾಸ್ಟರ್_ರಿಫ್ರೆಶ್’ ಇದೆ.

ಕ್ಲೌಡ್‌ನಲ್ಲಿ ಈ ಆಟವೇ ನಡೆಯುವುದಿಲ್ಲ. ಅಮೆಜಾನ್‌ನ ವಿಪಿಸಿ ಎಂಬ ಖಾಸಗಿ ನೆಟ್‌ವರ್ಕಿನಲ್ಲಿ ಮಷೀನು ಕಳಿಸಿದ ಎಆರ್‌ಪಿಯಿಂದ ಐಪಿ ಸರಿಯುವುದಿಲ್ಲ, ಸಾಮಾನ್ಯ ಸಬ್‌ನೆಟ್‌ನಲ್ಲಿ ಮಲ್ಟಿಕಾಸ್ಟೂ ಇಲ್ಲ. ಮಾತುಕತೆಗೆ, ಎದುರಿನ ಮಷೀನಿಗೆ ನೇರವಾಗಿ ಕಳಿಸುವ ‘ಯುನಿಕಾಸ್ಟ್_ಪಿಯರ್’ ಬಳಸಬೇಕು. ಮಾಸ್ಟರ್ ಆದಾಗ ‘ನೋಟಿಫೈ_ಮಾಸ್ಟರ್’ ಸ್ಕ್ರಿಪ್ಟಿನಿಂದ ಕ್ಲೌಡ್‌ನ ಎಪಿಐ ಕರೆದು ವಿಳಾಸವನ್ನು ಹೊಸ ಮಷೀನಿಗೆ ಕಟ್ಟಬೇಕು. ಆ ಸ್ಕ್ರಿಪ್ಟಿಗೆ ಅನುಮತಿ ಇದೆಯಾ ಎಂಬುದೂ ನೋಡಬೇಕಾದ ಜಾಗವೇ.

ಎಆರ್‌ಪಿ ಸರಿಯಿದ್ದರೆ ಎಚ್‌ಎಪ್ರಾಕ್ಸಿ ಹಿಂದಿನ ಸರ್ವರ್‌ಗಳ ಚೆಕ್ ಕಡೆ ತಿರುಗಿ. ‘ಆಪ್ಷನ್ ಎಚ್‌ಟಿಟಿಪಿಚೆಕ್’ ಎಂದು ಮಾತ್ರ ಬರೆದರೆ ಅದು ‘ಆಪ್ಷನ್ಸ್’ ಮೆಥಡ್‌ನಲ್ಲಿ ಮೂಲ ಪುಟವನ್ನು ಕೇಳುತ್ತದೆ, ಯಾವ ಸೈಟ್ ಬೇಕೆಂದು ಹೇಳುವ ಹೋಸ್ಟ್ ಹೆಡರ್ ಇಲ್ಲದೆ. ಎಷ್ಟೋ ಆ್ಯಪ್‌ಗಳು ಇದಕ್ಕೆ 400 ಅಥವಾ 404 ಕೊಡುತ್ತವೆ, ಚೆನ್ನಾಗಿರುವ ಸರ್ವರ್ ಡೌನ್ ಆಗುತ್ತದೆ. ಸ್ಟ್ಯಾಟ್ಸ್ ಪುಟದಲ್ಲಿ ‘ಎಲ್7ಎಸ್‌ಟಿಎಸ್’ ಎಂದು ಕಂಡರೆ ಉತ್ತರ ಬಂತು, ಆದರೆ ಸ್ಟೇಟಸ್ ಕೋಡ್ ಹಿಡಿಸಲಿಲ್ಲ ಎಂದರ್ಥ. ‘ಎಲ್4ಸಿಒಎನ್’ ಎಂದರೆ ಕನೆಕ್ಷನ್ನೇ ಆಗಲಿಲ್ಲ. ‘ಎಲ್7ಟಿಒಯುಟಿ’ ಎಂದರೆ ಕನೆಕ್ಷನ್ ಆಯಿತು, ಉತ್ತರಕ್ಕೆ ಕಾದು ಸಾಕಾಯಿತು.

ಉಲ್ಟಾ ತಪ್ಪು ಇದಕ್ಕಿಂತ ಕೆಟ್ಟದ್ದು. ಬೇರೇನೂ ಹೇಳದಿದ್ದರೆ ಎಚ್‌ಎಪ್ರಾಕ್ಸಿ 200ರ ಸಾಲಿನ ಕೋಡ್ ಜೊತೆ 300ರ ಸಾಲನ್ನೂ ಒಪ್ಪುತ್ತದೆ. ಆ್ಯಪ್ ಸರ್ವರಿನಲ್ಲಿ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದು, ಅದು ಎಲ್ಲಾ ರಿಕ್ವೆಸ್ಟನ್ನೂ ಎಚ್‌ಟಿಟಿಪಿಎಸ್‌ಗೆ 301 ಕೋಡ್ ಕೊಟ್ಟು ತಿರುಗಿಸಿ ಕಳಿಸುತ್ತಿದ್ದರೆ, ಹಿಂದೆ ಆ್ಯಪ್ ಸತ್ತಿದ್ದರೂ ಚೆಕ್ ಹಸಿರು. ‘ಎಚ್‌ಟಿಟಿಪಿ-ಚೆಕ್ ಎಕ್ಸ್‌ಪೆಕ್ಟ್ ಸ್ಟೇಟಸ್ 200’ ಹಾಕಿ, ಹೆಲ್ತ್‌ಗೆಂದೇ ಬೇರೆ ದಾರಿ ಮಾಡಿ. ‘ಕೆಲಸ ನಡೆಯುತ್ತಿದೆ, ಸ್ವಲ್ಪ ಹೊತ್ತಿನಲ್ಲಿ ಬನ್ನಿ’ ಎನ್ನುವ ಪುಟ 200 ಕೊಡುತ್ತಿಲ್ಲ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ.

ಸರ್ವರ್ ಡೌನ್ ಎಂದು ಗುರುತಾದ ಮೇಲೂ ಕೆಲವರಿಗೆ ಮಾತ್ರ ಎರರ್ ಬರುತ್ತಿದ್ದರೆ, ಅವು ಮೊದಲೇ ತೆರೆದಿದ್ದ ಕನೆಕ್ಷನ್‌ಗಳು. ‘ಆನ್-ಮಾರ್ಕ್ಡ್-ಡೌನ್ ಶಟ್‌ಡೌನ್-ಸೆಷನ್ಸ್’ ಎಂದು ಬರೆಯದಿದ್ದರೆ ಎಚ್‌ಎಪ್ರಾಕ್ಸಿ ಅವನ್ನು ಕತ್ತರಿಸುವುದಿಲ್ಲ.

ವಿಐಪಿ ಸುಮ್ಮಸುಮ್ನೆ ಆಚೀಚೆ ಓಡಾಡುತ್ತಿದೆ

ಲಾಗ್‌ನಲ್ಲಿ ಮಾಸ್ಟರ್, ಬ್ಯಾಕಪ್, ಮತ್ತೆ ಮಾಸ್ಟರ್. ಮೊದಲು ಹೊತ್ತು ನೋಡಿ. ದಿನಾ ಅದೇ ಹೊತ್ತಿಗೆ ಆಗುತ್ತಿದ್ದರೆ ಕ್ರಾನ್‌ನಲ್ಲಿರುವ ಡೇಟಾ ಬ್ಯಾಕಪ್ ಕೆಲಸವೋ ವಿಎಂ (ವರ್ಚುವಲ್ ಮಷೀನ್) ಸ್ನ್ಯಾಪ್‌ಶಾಟೋ ಮಷೀನನ್ನು ಕೆಲವು ಸೆಕೆಂಡ್ ಉಸಿರುಕಟ್ಟಿಸುತ್ತಿದೆ. ಅದನ್ನು ಸರಿಪಡಿಸುವುದೇ ಮದ್ದು, ಚೆಕ್ ಸಡಿಲಿಸುವುದು ಆಮೇಲೆ.

ಕೀಪ್‌ಅಲೈವ್ಡ್ ಸ್ಕ್ರಿಪ್ಟಿನಲ್ಲಿ ‘ಫಾಲ್’ (ಸತತ ಎಷ್ಟು ಸಲ ಫೇಲಾದರೆ ಕೆಟ್ಟಿತು ಎನ್ನಬೇಕು) ಮತ್ತು ‘ರೈಸ್’ (ಸತತ ಎಷ್ಟು ಸಲ ಪಾಸಾದರೆ ಸರಿಹೋಯಿತು ಎನ್ನಬೇಕು) ಬರೆಯದಿದ್ದರೆ ಒಂದೇ ಒಂದು ಫೇಲ್‌ಗೂ ಅದು ಹಾರುತ್ತದೆ. ಫಾಲ್ 3, ರೈಸ್ 2 ಇಟ್ಟು ನೋಡಿ. ಎಚ್‌ಎಪ್ರಾಕ್ಸಿಯಲ್ಲಿ ಇವು ಮೊದಲಿಂದಲೇ 3 ಮತ್ತು 2, ಚೆಕ್‌ಗಳ ನಡುವೆ 2 ಸೆಕೆಂಡ್. ಅಂದರೆ ಸತ್ತ ಸರ್ವರನ್ನು ಗುರುತಿಸಲು ಸುಮಾರು 6 ಸೆಕೆಂಡ್ ಬೇಕು. ಹೆಚ್ಚಿನ ವೆಬ್‌ಸೈಟ್‌ಗಳಿಗೆ ಅದು ಧಾರಾಳ ಸಾಕು. ಮ್ಯಾನೇಜರ್ ‘ಒಂದು ಸೆಕೆಂಡಿನಲ್ಲಿ ಆಗಬೇಕು’ ಎಂದರೆ ಆ್ಯಪ್ ತನ್ನ ಮೆಮೊರಿ ಗುಡಿಸಲು ಅರೆಕ್ಷಣ ನಿಂತರೂ (ಜಿಸಿ) ಸರ್ವರ್ ಹೊರಬೀಳುತ್ತದೆ ಎಂದು ಮೊದಲೇ ಹೇಳಿಬಿಡಿ.

ಇಲ್ಲಿಯವರೆಗೆ ಹೇಳಿದ್ದು ಲೋಡ್ ಬ್ಯಾಲೆನ್ಸರ್ ಮಾತು. ಅದರಲ್ಲಿ ತಪ್ಪು ಫೇಲ್‌ಓವರ್ ಆದರೆ ಕೆಲವು ಕನೆಕ್ಷನ್ ತುಂಡಾಗುತ್ತವೆ, ಅಷ್ಟೇ. ಡೇಟಾಬೇಸ್ ಮುಂದೆ ಇದೇ ಕೀಪ್‌ಅಲೈವ್ಡ್ ಇಟ್ಟು ಪ್ರೈಮರಿ, ಅಂದರೆ ಬರಹ ಸ್ವೀಕರಿಸುವ ಮುಖ್ಯ ಡೇಟಾಬೇಸ್, ಬದಲಾಯಿಸುವುದನ್ನು ನಾನಂತೂ ಒಪ್ಪುವುದಿಲ್ಲ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಯ ನೆಟ್‌ವರ್ಕ್ ಸಂಪರ್ಕ ಕಡಿದದ್ದು ಬರೀ 43 ಸೆಕೆಂಡ್. ಅಷ್ಟರಲ್ಲಿ ಅವರ ಫೇಲ್‌ಓವರ್ ಸಾಧನ ಆರ್ಕೆಸ್ಟ್ರೇಟರ್ ಮೈಎಸ್‌ಕ್ಯೂಎಲ್ ಪ್ರೈಮರಿಗಳನ್ನು ಪಶ್ಚಿಮ ಕರಾವಳಿಗೆ ಬದಲಾಯಿಸಿತು. ಎರಡೂ ಕಡೆ ಒಂದರಲ್ಲಿ ಇಲ್ಲದ ಬರಹ ಇನ್ನೊಂದರಲ್ಲಿ ಉಳಿಯಿತು. ಸೇವೆ ಪೂರ್ತಿ ಮೊದಲಿನಂತಾಗಲು 24 ಗಂಟೆ 11 ನಿಮಿಷ ಬೇಕಾಯಿತು. ಡೇಟಾಬೇಸಿಗೆ ಕೋರಂ (ಬಹುಮತದ ಒಪ್ಪಿಗೆ), ಫೆನ್ಸಿಂಗ್ (ಕೆಟ್ಟ ನೋಡನ್ನು ಬಲವಂತವಾಗಿ ಹೊರಗಿಡುವುದು) ಇರುವ ಪೇಸ್‌ಮೇಕರ್, ಪೋಸ್ಟ್‌ಗ್ರೆಸ್ ಆದರೆ ಪ್ಯಾಟ್ರೋನಿ, ಇಂಥವು ಬೇಕು. ಪ್ಯಾಟ್ರೋನಿಯಲ್ಲೂ ಟಿಟಿಎಲ್ (ಪ್ರೈಮರಿಯ ಹಕ್ಕು ಉಳಿಯುವ ಅವಧಿ) 30, ಲೂಪ್ ವೇಟ್ (ಎರಡು ಸುತ್ತಿನ ನಡುವಿನ ಕಾಯುವಿಕೆ) 10, ರೀಟ್ರೈ ಟೈಮ್‌ಔಟ್ 10 ಸೆಕೆಂಡ್ ಎಂದು ಇರುವುದಕ್ಕೆ ಲೆಕ್ಕ ಇದೆ: ಲೂಪ್ ವೇಟ್‌ಗೆ ರೀಟ್ರೈಯ ಎರಡರಷ್ಟು ಸೇರಿಸಿದರೆ ಟಿಟಿಎಲ್ ಮೀರಬಾರದು. ಬೇಗ ಆಗಲಿ ಎಂದು ಟಿಟಿಎಲ್ ಒಂದನ್ನೇ ಕತ್ತರಿಸಬೇಡಿ.

ಸರಿಯಾಯಿತಾ ಎಂದು ನೋಡುವುದು

‘ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೀಪ್‌ಅಲೈವ್ಡ್’ ಕೊಟ್ಟು, ವಿಐಪಿ ಸರಿಯಿತು ಎಂದು ಖುಷಿಪಡುವುದು ಪರೀಕ್ಷೆ ಅಲ್ಲ. ಹಾಗೆ ನಿಲ್ಲಿಸಿದಾಗ ಅದು ಪ್ರಯಾರಿಟಿ 0 ಎಂದು ಸಾರಿ ಹೇಳಿಯೇ ಹೋಗುತ್ತದೆ. ಬ್ಯಾಕಪ್ ಒಂದು ಸೆಕೆಂಡಿನೊಳಗೆ ಎದ್ದು ನಿಲ್ಲುತ್ತದೆ. ಕರೆಂಟ್ ಹೋದ ಮಷೀನು ಹೇಳಿ ಹೋಗುವುದಿಲ್ಲ. ಆಗ ಬ್ಯಾಕಪ್ ಮೂರು ಸಾರುವಿಕೆಯಷ್ಟು ಹೊತ್ತು, ಅದರ ಮೇಲೆ ಸ್ವಲ್ಪ ಕಾಯುತ್ತದೆ. ಆ ಸ್ವಲ್ಪ ಎಂದರೆ 256ರಿಂದ ತನ್ನ ಪ್ರಯಾರಿಟಿ ಕಳೆದು 256ರಿಂದ ಭಾಗಿಸಿದಷ್ಟು. ಬ್ಯಾಕಪ್ ಪ್ರಯಾರಿಟಿ 100 ಇದ್ದರೆ ಒಟ್ಟು ಸುಮಾರು 3.6 ಸೆಕೆಂಡ್.

ಹಾಗಾಗಿ ಮೂರು ಬಗೆಯಲ್ಲಿ ಕೊಂದು ನೋಡಿ. ಹೈಪರ್‌ವೈಸರ್‌ನಿಂದ ವಿಎಂನ ಪವರ್ ಕತ್ತರಿಸಿ. ಇನ್ನೊಂದು ಸಲ ಎಚ್‌ಎಪ್ರಾಕ್ಸಿ ಪ್ರಾಸೆಸನ್ನು ಮಾತ್ರ ಕೊಲ್ಲಿ, ಆದರೆ ಸಿಸ್ಟಮ್‌ಡಿ ಅದನ್ನು ತಕ್ಷಣ ಎಬ್ಬಿಸಿಬಿಡದಂತೆ ನೋಡಿಕೊಳ್ಳಿ. ಮೂರನೆಯದೇ ನಿಜವಾದ ಪರೀಕ್ಷೆ: ‘ಕಿಲ್‌ಆಲ್ -ಸ್ಟಾಪ್ ಎಚ್‌ಎಪ್ರಾಕ್ಸಿ’. ಪ್ರಾಸೆಸ್ ಇರುತ್ತದೆ, ಪೋರ್ಟ್ ತೆರೆದೇ ಇರುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಹೊರಗಿನ ಮಷೀನಿನಿಂದ ಸೆಕೆಂಡಿಗೊಮ್ಮೆ ವಿಐಪಿಗೆ ಕರ್ಲ್ ಹೊಡೆಯುತ್ತಾ ಎಷ್ಟು ಸಲ ತಪ್ಪಿತು ಎಂದು ಬರೆದುಕೊಳ್ಳಿ. ನಿಮ್ಮ ಫಾಲ್, ಇಂಟರ್ವಲ್, ಟೈಮ್‌ಔಟ್ ಲೆಕ್ಕಕ್ಕೆ ಅದು ಹೊಂದಬೇಕು. ಹೊಂದದಿದ್ದರೆ ಮೊದಲು ನೋಡಬೇಕಾದ್ದು ಕರ್ಲ್‌ನ ಮ್ಯಾಕ್ಸ್-ಟೈಮ್.

ಆಮೇಲೆ ‘ಕಿಲ್‌ಆಲ್ -ಕಾಂಟ್’ ಕೊಟ್ಟು ಅದನ್ನು ಎಬ್ಬಿಸಿ, ವಿಐಪಿ ಹಿಂದಕ್ಕೆ ಓಡಿತೋ ಅಲ್ಲೇ ಉಳಿಯಿತೋ ನೋಡಿ. ನೋಪ್ರೀಎಂಪ್ಟ್ ಇದ್ದರೆ ಅಲ್ಲೇ ಉಳಿಯಬೇಕು. ಓಡಿದರೆ ಯಾವುದೋ ಒಂದು ನೋಡ್‌ನ ಕಾನ್ಫಿಗ್‌ನಲ್ಲಿ ಆರಂಭದ ಸ್ಥಿತಿ ಇನ್ನೂ ‘ಮಾಸ್ಟರ್’ ಎಂದೇ ಇದೆ.